ನಾನಿಯ ಊರು ಇಟಗಿ

ಬೇಸಿಗೆ ರಜೆ ಎಂದ ಕೂಡಲೇ ನಿಮಗೆ ಯಾವ ಊರು ನೆನಪಾಗುತ್ತದೆ, ಸಹೋದರಿಯರೇ? ನನಗೆ ನೆನಪಾಗುವುದು ನಾನಿಯ ಊರು ಇಟಗಿ. ಕೊಪ್ಪಳ ಜಿಲ್ಲೆಯ ಈ ಊರು ಆಗ ಯಲಬುರ್ಗಾ ತಾಲೂಕಿನಲ್ಲಿತ್ತು, ಈಗ ಕುಕನೂರು ತಾಲೂಕಿಗೆ ಸೇರಿದೆ. ಸುತ್ತಲೂ ಎರೆಹೊಲ. ನಾವು ಹೋಗುವ ಹೊತ್ತಿಗೆ ಜೋಳದ ರಾಶಿ ಮುಗಿದು, ಬಿಸಿಲಿಗೆ ನೆಲ ಬಿರುಕು ಬಿಟ್ಟಿರುತ್ತಿತ್ತು.

ನಾನಿಯ ಮನೆಯಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದುದು ರೊಟ್ಟಿ ಬಡಿಯುವ ಸದ್ದು. ಫಜ್ರ್ ನಮಾಝ್ ಮುಗಿಸಿ ಅವರು ಒಲೆಯ ಮುಂದೆ ಕುಳಿತರೆ, ಮೊಮ್ಮಕ್ಕಳು ಏಳುವಷ್ಟರಲ್ಲಿ ಬುಟ್ಟಿ ತುಂಬಿರುತ್ತಿತ್ತು. ಜೊತೆಗೆ ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ. ಜಗಳವಾಡಿದ ಇಬ್ಬರನ್ನು ನಾನಿ ಬೈಯುತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಲು ಕೂರಿಸುತ್ತಿದ್ದರು. ಅರ್ಧ ರೊಟ್ಟಿ ಮುಗಿಯುವುದರೊಳಗೆ ಜಗಳವೂ ಮುಗಿಯುತ್ತಿತ್ತು!

ಸಂಜೆ ಬಿಸಿಲು ಇಳಿದ ಮೇಲೆ ಮಹಾದೇವ ದೇವಾಲಯದ ಬಯಲಿಗೆ ಕರೆದೊಯ್ಯುತ್ತಿದ್ದರು. ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ತೋರಿಸಿ, "ಕಲ್ಲು ಹಿಂಗ ಹೊಳೀಬೇಕಂದ್ರ ಎಷ್ಟ್ ಮಂದಿ ಕೈ ಸವದಾವೋ ಬೇಟಾ" ಎನ್ನುತ್ತಿದ್ದರು. ಹಾಗೆನ್ನುವ ಅವರ ಕೈಗಳೂ ಸವೆದೇ ಇದ್ದವು.

ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇವಾಲಯವಿದು. ಅಲ್ಲಿಯ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಮಹಾದೇವನು ತಂದೆಯ ನೆನಪಿಗೊಂದು, ತಾಯಿಯ ನೆನಪಿಗೊಂದು ಗುಡಿಯನ್ನೂ ಅಲ್ಲಿ ಕಟ್ಟಿಸಿದ. ಒಂಬೈನೂರು ವರ್ಷಗಳ ಹಿಂದೆಯೂ ಮಕ್ಕಳಿಗೆ ಹೆತ್ತವರನ್ನು ಮರೆಯಬಾರದೆಂಬ ಹಂಬಲವಿತ್ತಲ್ಲವೇ?

ನಾನಿ ತೀರಿಕೊಂಡ ಮೇಲೆ ಮನೆಗೆ ಬೀಗ ಬಿತ್ತು. ಒಂದೇ ತಟ್ಟೆಯಲ್ಲಿ ಉಂಡ ನಾವು ಈಗ ಮದುವೆಗಳಲ್ಲಿ ಮಾತ್ರ ಸೇರುತ್ತೇವೆ. ನಮ್ಮ ಮಕ್ಕಳಿಗಂತೂ ಒಬ್ಬರಿಗೊಬ್ಬರು ಮೊಬೈಲಿನ ಚಿತ್ರದಲ್ಲಷ್ಟೇ ಪರಿಚಯ. ಊರು ಅಲ್ಲೇ ಇದೆ, ಕಂಬಗಳೂ ಹೊಳೆಯುತ್ತಿವೆ. ನಮ್ಮನ್ನು ಒಂದೆಡೆ ಸೇರಿಸುತ್ತಿದ್ದ ಕೈ ಮಾತ್ರ ಇಲ್ಲ.

ತಾಯಿಯ ಹೆಸರಿನಲ್ಲಿ ಕಲ್ಲು ನಿಲ್ಲಿಸುವುದು ದಂಡನಾಯಕರಿಗೆ ಸಾಧ್ಯ. ನಮ್ಮ ನಿಮ್ಮಂಥವರ ಮನೆಗಳಲ್ಲಿ ಹಿರಿಯರು ಉಳಿಯುವುದು ಮಕ್ಕಳ ನೆನಪಿನಲ್ಲಿ. ಆ ನೆನಪು ಹುಟ್ಟಬೇಕಾದರೆ ಮಕ್ಕಳು ಅವರ ಬಳಿ ಇರಬೇಕು. ನಿಮ್ಮ ಮಕ್ಕಳಿಗೆ ಅಜ್ಜಿ ಇದ್ದಾರೆಯೇ? ಈ ರಜೆಯಲ್ಲಿ ಸಮ್ಮರ್ ಕ್ಯಾಂಪಿಗೆ ಹೆಸರು ಬರೆಸುವ ಮೊದಲು ಅಜ್ಜಿಯ ಊರಿನ ಬಸ್ಸು ಹತ್ತಿಸಿ. ಎರಡು ದಿನಕ್ಕಲ್ಲ, ಹದಿನೈದು ದಿನಕ್ಕಾದರೂ. ಅಲ್ಲಿ ಜಗಳವಾಡಲಿ, ಒಂದೇ ತಟ್ಟೆಯಲ್ಲಿ ಉಣ್ಣಲಿ.