ಬೆಂಗಳೂರಿನ ತಾಳ, ಲಂಡನ್ ಸುತ್ತಿ ಹೊಳವನಹಳ್ಳಿಗೆ!

ತುಮಕೂರಿನಲ್ಲಿ ಕೊರಟಗೆರೆ ಬಸ್ಸು ಹತ್ತಿ, ಅಲ್ಲಿಳಿದು ಇನ್ನೊಂದು ಬಸ್ಸಿಗೆ ಕಾದು, ಹೊಳವನಹಳ್ಳಿ ಮುಟ್ಟುವ ಹೊತ್ತಿಗೆ ಸೊಂಟ ಸೋಬಾನೆ ಹಾಡುತ್ತಿತ್ತು! ಕೊರಟಗೆರೆ ತಾಲ್ಲೂಕಿನ ಹೋಬಳಿ ಊರು ಇದು. ಒಂದು ಕಾಲಕ್ಕೆ ಪಾಳೇಗಾರರು ಮೀಸೆ ತಿರುವಿದ ನೆಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ಸೀಮೆ. ಮಳೆ ಬಂದರೆ ಹೊಳೆ, ಬಾರದಿದ್ದರೆ ಬರೀ ಮರಳು.

ನಾನು ಹೋದದ್ದು ಗೆಳೆಯನ ತಮ್ಮನ ಮದುವೆಗೆ. ಹಿಂದಿನ ಸಂಜೆ ಗಂಡಿನ ಮೆರವಣಿಗೆ. ಬ್ಯಾಂಡ್ ಸೆಟ್ಟಿನವರು ಮೊದಲು ಒಂದು ದೇವರನಾಮ ನುಡಿಸಿದರು. ಹಿರಿಯರು ತಲೆದೂಗಿದರು. ಆಮೇಲೆ ಅಣ್ಣಾವ್ರ ಎರಡು ಹಾಡು. ಶಿಳ್ಳೆ ಬಿತ್ತು. ಅದಾದ ಮೇಲೆ ಟ್ರಂಪೆಟ್ಟಿನ ಹುಡುಗ ‘ಆಪ್ ಜೈಸಾ ಕೋಯಿ’ ಎತ್ತಿಕೊಂಡ ನೋಡಿ... ಹೆಗಲ ಮೇಲಿದ್ದ ಟವೆಲ್ಲುಗಳೆಲ್ಲ ಸೊಂಟಕ್ಕೆ ಬಂದವು! ಕಾರಿನಲ್ಲಿ ಗಂಭೀರವಾಗಿ ಕುಳಿತಿದ್ದ ಮದುವೆ ಗಂಡೇ ಕೆಳಗಿಳಿದು ಹೆಜ್ಜೆ ಹಾಕಿದ!

ಟೀ ಕುಡಿಯುವಾಗ ಆ ಹುಡುಗನನ್ನು ಕೇಳಿದೆ.

“ಏನಪ್ಪಾ, ಯಾರದು ಆ ಹಾಡು?”

“ಹಿಂದೀದು ಸಾರ್. ಬೊಂಬಾಯಿಂದು.”

“ಅದನ್ನ ಕಟ್ಟಿದೋನು ನಮ್ಮ ಬೆಂಗಳೂರಿನವನು ಕಣಯ್ಯ.”

“ರೀಲು ಬುಡಬೇಡಿ ಸಾರ್!”

ರೀಲಲ್ಲ ಸ್ವಾಮಿ, ನಿಜ. ಹೊಳವನಹಳ್ಳಿಯಿಂದ ಬೆಂಗಳೂರು ಎರಡು-ಮೂರು ಗಂಟೆಯ ಬಸ್ ದಾರಿ. ಆದರೆ ಈ ತಾಳ ಮಾತ್ರ ಬೆಂಗಳೂರಿನಿಂದ ಲಂಡನ್ನಿಗೆ ಹೋಗಿ, ಅಲ್ಲಿಂದ ಬೊಂಬಾಯಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದಿದೆ! ಕಟ್ಟಿದವನ ಹೆಸರು ಬಿದ್ದು. ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಕೊಡವ ಮನೆತನದವನು, ಹುಟ್ಟಿದ್ದು ಬೆಂಗಳೂರಿನಲ್ಲಿ. ಹರೆಯದಲ್ಲಿ ಗೆಳೆಯರ ಜೊತೆ ‘ಟ್ರೋಜನ್ಸ್’ ಅಂತ ಒಂದು ಗುಂಪು ಕಟ್ಟಿ ಗಿಟಾರು ಹಿಡಿದ. ಗುಂಪು ಒಡೆಯಿತು. ಬೇರೆಯವನಾಗಿದ್ದರೆ ಗಿಟಾರನ್ನು ಅಟ್ಟಕ್ಕೆ ಹಾಕಿ ಬ್ಯಾಂಕಿನ ಕೆಲಸಕ್ಕೆ ಅರ್ಜಿ ಗುಜರಾಯಿಸುತ್ತಿದ್ದ. ಈತ ‘ಲೋನ್ ಟ್ರೋಜನ್’ ಎಂದು ಹೆಸರಿಟ್ಟುಕೊಂಡು ಒಬ್ಬನೇ ಹಾಡಿದ! ಆಮೇಲೆ 1967ರ ಸುಮಾರಿಗೆ ಲಂಡನ್ನಿನ ದಾರಿ ಹಿಡಿದ. ಅಲ್ಲಿ ಗುರುತಿನವರಿಲ್ಲ, ಗಾಡ್‌ಫಾದರ್ ಇಲ್ಲ. ಸಣ್ಣಪುಟ್ಟ ಕೆಲಸ ಮಾಡುತ್ತ ಸ್ಟುಡಿಯೋಗಳ ಬಾಗಿಲು ತಟ್ಟಿದ.

ಬಾಗಿಲು ತೆರೆದದ್ದು 1974ರಲ್ಲಿ. ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ಬಂದು ಒಂದು ವರ್ಷವಾಗಿತ್ತು. ಊರೂರಲ್ಲಿ ಹುಡುಗರು ಗಾಳಿಗೆ ಒದೆಯುತ್ತಿದ್ದ ಕಾಲ ಅದು. ಜಮೈಕಾ ಮೂಲದ ಗಾಯಕ ಕಾರ್ಲ್ ಡಗ್ಲಸ್‌ನಿಂದ ಬಿದ್ದು ಒಂದು ಹಾಡು ಹಾಡಿಸಿದ. ರೆಕಾರ್ಡಿನ ಹಿಂಬದಿಗೂ ಒಂದು ಹಾಡು ಬೇಕಲ್ಲ? ಉಳಿದಿದ್ದ ಹತ್ತೇ ನಿಮಿಷದಲ್ಲಿ, ಎರಡೇ ಟೇಕಿನಲ್ಲಿ ‘ಕುಂಗ್ ಫು ಫೈಟಿಂಗ್’ ಮುಗಿಸಿದರು. ಕಂಪನಿಯವರು ಕೇಳಿ, ಹಿಂಬದಿಯದನ್ನೇ ಮುಂಬದಿಗೆ ತಂದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಂಬರ್ ಒನ್, ಅಮೆರಿಕಾದಲ್ಲೂ ನಂಬರ್ ಒನ್! 1975ರಲ್ಲಿ ಆತನ ಸ್ವಂತ ‘ಬಿದ್ದು ಆರ್ಕೆಸ್ಟ್ರಾ’ದ ವಾದ್ಯಗೀತೆ ಇಂಗ್ಲೆಂಡಿನ ಪಟ್ಟಿ ಏರಿತು. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಮತ್ತೆ ಅಲ್ಲಿ ನಂಬರ್ ಒನ್.

ಡಿಸ್ಕೊ ಎಂದರೆ ಏನು ಮಹಾ ಅಂತೀರಾ? ದೊಡ್ಡ ಡ್ರಮ್ಮಿನ ಪೆಟ್ಟು ನಾಲ್ಕಕ್ಕೆ ನಾಲ್ಕೂ ಸಮನಾಗಿ ಬೀಳಬೇಕು, ಅಷ್ಟೇ. ಕಾಲು ತಪ್ಪುವ ಭಯವಿಲ್ಲ. ಕುಣಿತ ಕಲಿಯದವನೂ ಕುಣಿಯಬಲ್ಲ. ನಮ್ಮ ಬ್ಯಾಂಡ್ ಸೆಟ್ಟಿಗೆ ಅದು ಇಷ್ಟು ಸಲೀಸಾಗಿ ಒಗ್ಗಿದ್ದು ಅದಕ್ಕೇ.

ಇನ್ನು ‘ಕುರ್ಬಾನಿ’ಯ ಕಥೆ. ಆ ಚಿತ್ರದ ಹೀರೋ, ನಿರ್ಮಾಪಕ, ನಿರ್ದೇಶಕ ಎಲ್ಲವೂ ಆಗಿದ್ದ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ, 2009ರಲ್ಲಿ ಕಣ್ಣು ಮುಚ್ಚಿದ್ದೂ ಬೆಂಗಳೂರಿನಲ್ಲೇ. ಚಿತ್ರಕ್ಕೆ ಕಲ್ಯಾಣ್‌ಜಿ-ಆನಂದ್‌ಜಿ ಸಂಗೀತವಿದ್ದರೂ, ಒಂದೇ ಒಂದು ಹಾಡಿಗೆ ಲಂಡನ್ನಿನಲ್ಲಿದ್ದ ಬಿದ್ದುವನ್ನು ಹಿಡಿದ. ಹಾಡಿದವಳು ಲಂಡನ್ನಿನಲ್ಲಿದ್ದ ಪಾಕಿಸ್ತಾನಿ ಹುಡುಗಿ ನಾಜಿಯಾ ಹಸನ್. ಆಗ ಹದಿನೈದರ ಆಸುಪಾಸು! 1980ರಲ್ಲಿ ತೆರೆಯ ಮೇಲೆ ಜೀನತ್ ಅಮಾನ್ ಕುಣಿದಳು, ದೇಶವೇ ಕುಣಿಯಿತು. ನಾಜಿಯಾಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮರುವರ್ಷ ಅಕ್ಕ-ತಮ್ಮ ನಾಜಿಯಾ-ಜೊಹೇಬ್ ಜೋಡಿಯ ‘ಡಿಸ್ಕೊ ದೀವಾನೆ’. ಸಿನಿಮಾ ಇಲ್ಲ, ಹೀರೋ ಇಲ್ಲ, ಬರೀ ಹಾಡುಗಳ ರೆಕಾರ್ಡು. ಅದೂ ಬಿಸಿ ದೋಸೆಯಂತೆ ಖರ್ಚಾಯಿತು! 1995ರಲ್ಲಿ ಅಲೀಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ ಕೂಡ ಬಿದ್ದು ಕಟ್ಟಿದ್ದೇ. ನಾಜಿಯಾ ಮಾತ್ರ 2000ದಲ್ಲಿ, ಮೂವತ್ತೈದರಲ್ಲೇ, ಕ್ಯಾನ್ಸರಿಗೆ ತುತ್ತಾದಳು. ಆಕೆಯ ದನಿ ಈಗಲೂ ಮದುವೆಮನೆಗಳಲ್ಲಿ ಟ್ರಂಪೆಟ್ಟಾಗಿ ಊದುತ್ತಿದೆ.

ಕಥೆ ಮುಗಿಯುವಷ್ಟರಲ್ಲಿ ಹುಡುಗನ ಟೀ ಆರಿತ್ತು. ನಗುತ್ತಿದ್ದವನು ಗಂಭೀರವಾದ.

“ನಾವು ಏಳು ಜನ ಇದ್ವಿ ಸಾರ್. ಡಿಜೆ ಬಂದ್ಮೇಲೆ ಕರೆಯೋರು ಕಮ್ಮಿ ಆದ್ರು. ಇಬ್ರು ಪೀಣ್ಯಕ್ಕೆ ಹೋದ್ರು, ಫ್ಯಾಕ್ಟ್ರಿಗೆ. ಮುಂದಿನ ತಿಂಗಳು ನನ್ನೂ ಬಾ ಅಂತಾವ್ರೆ.” ಸ್ವಲ್ಪ ತಡೆದು ಕೇಳಿದ: “ಗುಂಪು ಒಡೆದ್ಮೇಲೂ ಆ ಯಪ್ಪ ಬುಡ್ಲಿಲ್ವಾ ಸಾರ್?”

“ಬಿಡಲಿಲ್ಲಪ್ಪ.”

ನೀನೂ ಲಂಡನ್ನಿಗೆ ಹೋಗು, ನಂಬರ್ ಒನ್ ಆಗು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಸಿನಿಮಾದಲ್ಲಾದರೆ ಹೇಳಬಹುದು. ಮನೆಯಲ್ಲಿ ಅಪ್ಪ-ಅಮ್ಮ ಇರುವ ಹುಡುಗನಿಗೆ ಹಾಗೆ ಹೇಳುವುದು ಮೋಸ. “ಪೀಣ್ಯಕ್ಕೆ ಹೋದ್ರೂ ಟ್ರಂಪೆಟ್ಟು ಜೊತೇಲಿ ತಗೊಂಡು ಹೋಗು” ಅಂದೆ. ಅಷ್ಟೇ ಅಂದದ್ದು.

ಕರಡಿಯಷ್ಟು ದೊಡ್ಡ ಕಂಪನಿ ಕಟ್ಟಿದವರೂ ಈ ಜಿಲ್ಲೆಯವರೇ. 1884ರಲ್ಲಿ ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯಿಂದಲೇ ಅಲ್ಲವೇ ನಮ್ಮ ರಾಜಣ್ಣ, ನರಸಿಂಹರಾಜು, ಬಾಲಣ್ಣ ಎಲ್ಲ ಬಂದದ್ದು? ಯಾವ ಊರಿನ ಯಾವ ಗುಂಪಿನಲ್ಲಿ ಯಾರಿದ್ದಾರೋ, ಬಲ್ಲವರಾರು?

ಹುಡುಗ ಎದ್ದ. ಮತ್ತೆ ಅದೇ ಹಾಡು ಎತ್ತಿಕೊಂಡ. ಈ ಸಲ ಶುರು ಮಾಡುವ ಮುಂಚೆ ಎಲ್ಲರಿಗೂ ಕೇಳುವಂತೆ ಕೂಗಿದ: “ಇದು ನಮ್ಮ ಬೆಂಗಳೂರೋರ ಹಾಡು ಕಣ್ರಲೋ!”

ನನ್ನ ಬಸ್ಸು ಕೊರಟಗೆರೆಯತ್ತ ತಿರುಗುವವರೆಗೂ ಟ್ರಂಪೆಟ್ಟು ಕೇಳಿಸುತ್ತಲೇ ಇತ್ತು.