ನಲ್ಲಿ ನಿಲ್ಲುವ ಮುನ್ನ

ಅಕ್ಕನ ಮಿದುಳಿನ ರಕ್ತನಾಳವೊಂದು ಬಲೂನಿನಂತೆ ಉಬ್ಬಿದೆ, ಆಪರೇಷನ್ ಮಾಡಲೇಬೇಕು ಎಂದರು ಡಾಕ್ಟರು. ಹಿಂದಿನ ಸಂಜೆ ಅರಿವಳಿಕೆ ವೈದ್ಯೆ ವಾರ್ಡಿಗೆ ಬಂದು, ಭಾವನ ಸಹಿ ಪಡೆಯುವ ಮೊದಲು ಎಲ್ಲವನ್ನೂ ಬಿಡಿಸಿ ಹೇಳಿದರು.

“ಉಬ್ಬಿದ ಜಾಗಕ್ಕೆ ಕ್ಲಿಪ್ ಹಾಕುವಾಗ ಆ ನಾಳದ ರಕ್ತವನ್ನು ಕೆಲವು ನಿಮಿಷ ನಿಲ್ಲಿಸಬೇಕಾಗಬಹುದು. ಅದಕ್ಕೆ ಮುಂಚೆ ಥಯೋಪೆಂಟೋನ್ ಕೊಡ್ತೀವಿ.”

1934ರಿಂದ ಬಳಕೆಗೆ ಬಂದ ನಿದ್ದೆಯ ಮದ್ದು ಅದು. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಸುಮಾರು 2. ದೇಹ ಬಳಸುವ ಆಮ್ಲಜನಕದಲ್ಲಿ ಅದರ ಪಾಲು ಮಾತ್ರ ನೂರಕ್ಕೆ 20! ಮದ್ದು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಡಗಿಸಿದಾಗ ಇಇಜಿ ಯಂತ್ರದ ಗೆರೆ ಸಪಾಟಾಗುತ್ತದೆ, ಆಮ್ಲಜನಕದ ಬೇಡಿಕೆ ಸುಮಾರು ಅರ್ಧಕ್ಕಿಳಿಯುತ್ತದೆ. ಉಳಿದರ್ಧ ಜೀವಕೋಶಗಳು ಬದುಕಿರಲಿಕ್ಕೇ ಬೇಕು. ಅದನ್ನು ಮದ್ದು ತಗ್ಗಿಸಲಾರದು.

“ನಲ್ಲಿ ನಿಲ್ಲುತ್ತೆ ಅಂತ ಗೊತ್ತಾದ್ರೆ ಬಟ್ಟೆ ಒಗೆಯೋದನ್ನ ಮುಂದೆ ಹಾಕ್ತೀವಲ್ಲ, ಹಾಗೆ. ರಕ್ತದೊತ್ತಡ ಇಳಿಯೋ ಅಪಾಯವೂ ಇದೆ. ಖಂಡಿತ ಕಾಪಾಡುತ್ತೆ ಅಂತ ಮಾತು ಕೊಡಲಾರೆ” ಎಂದರು.

ಮೂಲೆಯಲ್ಲಿದ್ದ ಅಮ್ಮ ತಟ್ಟನೆ ಕೇಳಿದಳು: “ಇದನ್ನ ನಮ್ಮ ಯಜಮಾನರಿಗೆ ಯಾಕೆ ಕೊಡಲಿಲ್ಲ?”

ನನ್ನ ಎದೆ ಧಸಕ್ಕೆಂದಿತು. ಎರಡು ವರ್ಷದ ಹಿಂದೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಕುಸಿದಿದ್ದರು. ಆಸ್ಪತ್ರೆಯಲ್ಲಿ ನಿಂತ ಹೃದಯ ಮತ್ತೆ ಬಡಿಯಿತು, ಕಣ್ಣು ತೆರೆಯಲಿಲ್ಲ. ಒಂಬತ್ತನೆಯ ದಿನ ಹೊರಟುಹೋದರು. ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಿತ್ತು ಎಂಬ ಕೊರಗು ಅಮ್ಮನನ್ನು ಅಂದಿನಿಂದ ಬಿಟ್ಟಿರಲಿಲ್ಲ.

ವೈದ್ಯೆ ಸ್ಟೂಲ್ ಎಳೆದುಕೊಂಡು ಅಮ್ಮನ ಎದುರು ಕೂತರು.

“ಈ ಪ್ರಶ್ನೆ ಡಾಕ್ಟರುಗಳಿಗೂ ಬಂದಿತ್ತಮ್ಮಾ. ಹೃದಯ ನಿಂತು ಮತ್ತೆ ಬಡಿದರೂ ಎಚ್ಚರವಾಗದ 262 ಜನರನ್ನು ತಗೊಂಡು ಪರೀಕ್ಷೆ ಮಾಡಿದರು. ಕೆಲವರಿಗೆ ಥಯೋಪೆಂಟೋನ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 1986ರಲ್ಲಿ ಫಲಿತಾಂಶ ಪ್ರಕಟವಾಯ್ತು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಕ್ತ ನಿಲ್ಲೋ ಮೊದಲು ಕೊಡೋದು ಬೇರೆ, ನಿಂತು ಪೆಟ್ಟು ಬಿದ್ದ ಮೇಲೆ ಕೊಡೋದು ಬೇರೆ.”

“ಹಾಗಾದ್ರೆ ದೊಡ್ಡ ಆಸ್ಪತ್ರೆಗೆ ಹೋಗಿದ್ರೂ...”

“ಈ ಮದ್ದಿನಿಂದ ಅವರು ಉಳೀತಿರಲಿಲ್ಲಮ್ಮಾ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನೂ ಮಾತಾಡಲಿಲ್ಲ.

ಮರುದಿನ ಆಪರೇಷನ್ ಆರು ಗಂಟೆ ಹಿಡಿಯಿತು. ಮದ್ದಿನ ಅಮಲು ಇಳಿಯಲು ಇಡೀ ರಾತ್ರಿ ಬೇಕಾಯಿತು. ಬೆಳಿಗ್ಗೆ ಮಾತು ಬಂದಾಗ ಅಕ್ಕ ಮೊದಲು ಕೇಳಿದ್ದು, “ಅಮ್ಮ ಏನಾದ್ರೂ ತಿಂದ್ಲಾ?”

ತಿಂದಿದ್ದಳು. ಭಾವ ತಂದಿದ್ದ ಇಡ್ಲಿಯನ್ನು, ಯಾರೂ ಒತ್ತಾಯ ಮಾಡದೆಯೇ.