ಆ ಎರಡು ಬೆರಳು (ಜೀಪ್ ಕಥೆ, ಭಾಗ 4)

ನಿಮಗೂ ಆಗಿರುತ್ತೆ. ಎದುರು ಬರೋ ಜೀಪಿನವರು ಸ್ಟೇರಿಂಗ್ ಮೇಲಿಂದಲೇ ಎರಡು ಬೆರಳು ಎತ್ತುತ್ತಾರೆ. 'ಯಾರಪ್ಪಾ ಇವ್ರು?' ಅಂತ ನೋಡ್ಕೊಂಡು ನೀವು ಮುಂದೆ ಹೋಗಿಬಿಡ್ತೀರಿ.

ಸಕಲೇಶಪುರದ ಹತ್ತಿರ, ಮಳೆ ಬಿದ್ದ ತೋಟದ ದಾರಿ. ಮಾವನ ಥಾರ್‌ನಲ್ಲಿ ನಾನು ಇಳೀತಿದ್ದೆ, ಹಳೇ ಮಹೀಂದ್ರ ಜೀಪೊಂದು ಹತ್ತುತ್ತಿತ್ತು. ನಾನು ಜಾಗ ಬಿಡಲಿಲ್ಲ. ಅವರೇ ಹಿಂದೆ ಸರಿದು, ಬೆರಳೂ ಎತ್ತಿದರು. ನಾನು ಸುಮ್ಮನೆ ಬಂದೆ.

ಸ್ವಲ್ಪ ಕೆಳಗೆ ಕೆಸರಲ್ಲಿ ಗಾಡಿ ಹೂತುಹೋಯ್ತು. ಮೊಬೈಲ್‌ನಲ್ಲಿ ಒಂದು ಕಡ್ಡಿ ನೆಟ್‌ವರ್ಕೂ ಇಲ್ಲ. ನನ್ನ ಎಂಜಿನ್ ಒದರೋದು ಕೇಳಿ ಅದೇ ಜೀಪು ವಾಪಸ್ ಬಂತು.

"ಟಯರ್ ಗಾಳಿ ಸ್ವಲ್ಪ ಇಳಿಸು ತಮ್ಮಾ, 4ಎಲ್‌ಗೆ ಹಾಕು" ಅಂತ ಹಗ್ಗ ಕಟ್ಟಿ ಎಳೆದರು. ಹೊರಡುವಾಗ ಒಂದೇ ಮಾತು: "ಹತ್ತೋ ಗಾಡಿಗೆ ದಾರಿ ಬಿಡ್ಬೇಕು. ನಡುವೆ ನಿಂತ್ರೆ ಮತ್ತೆ ಹಿಡಿತ ಸಿಗಲ್ಲ."

ಬೈದಿದ್ರೆ ಇಷ್ಟು ನಾಚಿಕೆ ಆಗ್ತಿರಲಿಲ್ಲ.

ಆ ಬೆರಳು ಸ್ಟೈಲಿಗಲ್ಲ ಕಣ್ರೋ. 'ನೀನು ಈ ದಾರೀಲಿ ಇದ್ದೀಯ ಅಂತ ನೋಡಿದೀನಿ' ಅಂತ ಅದರರ್ಥ.

ಈಗ ನಾನೇ ಮೊದಲು ಎತ್ತುತ್ತೀನಿ. ಕೆಲವರು ನೋಡಿಯೂ ಸುಮ್ಮನೆ ಹೋಗ್ತಾರೆ. ಬೇಜಾರಿಲ್ಲ, ನಾನೂ ಹಾಗೇ ಹೋಗಿದ್ದೆ.

ಮುಂದಿನ ಟ್ರಿಪ್‌ಗೆ ಬರೋರು ಹಗ್ಗ ಮರೀಬೇಡಿ.

#ಜೀಪ್‌ಕಥೆ #ಮಲೆನಾಡು